ಹಾಲುಹಲ್ಲು ತಾನೇ ಅಂದವಳು

ಆಸ್ಪತ್ರೆಯ ಎರಡನೇ ಮಹಡಿ, ಮಕ್ಕಳ ವಾರ್ಡು
ಸೋಮವಾರ, ಹದಿನಾರನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಸೊಸೆಗೆ ನಿನ್ನ ಅತ್ತೆ ಮಾಡುವ ಆಶೀರ್ವಾದ.

ಹೇಗಿದ್ದೀಯ ತಾಯಿ? ಸೊಂಟದ ನೋವು ಕಡಿಮೆಯಾಯಿತೆ? ಹೋದ ವಾರ ನೀನು ಹೇಳಿದ್ದು ಮನಸ್ಸಿನಲ್ಲೇ ಕೂತಿದೆ. ನಿಮ್ಮ ವೃದ್ಧಾಶ್ರಮದ ಆ ದಪ್ಪ ಮೇಷ್ಟ್ರನ್ನು ಹಾಸಿಗೆಯಿಂದ ಕುರ್ಚಿಗೆ ಕೂರಿಸುವಾಗ ಜೊತೆಗಾರ್ತಿ ಬರುವವರೆಗೆ ಕಾಯದೆ ನೀನೊಬ್ಬಳೇ ಎತ್ತಿದೆಯಂತೆ. ಹಾಗೆ ಮಾಡಬೇಡ. ಸೊಂಟ ಒಂದು ಸಲ ಕೈಕೊಟ್ಟರೆ ಮತ್ತೆ ಮಾತು ಕೇಳುವುದಿಲ್ಲ. ನಲವತ್ತು ವರ್ಷ ಹೊಲಿಗೆ ಮಿಷನ್ನು ತುಳಿದವಳು ಹೇಳುತ್ತಿದ್ದೇನೆ. ನೀರಿನಲ್ಲಿ ಕೆಲಸ ಮಾಡಿ ಕೈ ಒಡೆದಿದೆ ಎಂದಿದ್ದೆಯಲ್ಲ, ಮಲಗುವಾಗ ಮುಲಾಮು ಹಚ್ಚಿಕೊ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಆ ಸಾಲನ್ನು ಬಿಟ್ಟಿದ್ದೇನೆ.

ನಿನ್ನೆ ಭಾನುವಾರ ಫೋನಿನಲ್ಲಿ ನಿನ್ನ ಗಂಡ ವಿಷಯ ತಿಳಿಸಿದ ಮೇಲೆ ನೀನು ನನ್ನನ್ನು ಕರೆದು ಒಂದೇ ಮಾತು ಕೇಳಿದೆ. "ಅತ್ತೆ, ನೀವು ದಿನಾ ರಾತ್ರಿ ಉಜ್ಜಿಸ್ತಿದ್ರಲ್ಲ, ಹಾಗಿದ್ರೆ ಇದು ಹೇಗಾಯ್ತು?" ಫೋನನ್ನು ಮಗನ ಕೈಗೆ ತುರುಕಿ, ವರಾಂಡದ ಕೊನೆಯ ನಲ್ಲಿಗೆ ಹೋಗಿ, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆಯುತ್ತ ನಿಂತೆ. ಆ ಪ್ರಶ್ನೆಗೆ ಉತ್ತರ ಈ ಕಾಗದದಲ್ಲಿದೆ. ಬಾಯಲ್ಲಿ ಹೇಳುವ ಧೈರ್ಯ ನನಗೆ ಬರುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಅದು ಅಕ್ಷರಶಃ ನಿಜ.

ಮೊದಲು ಮಗುವಿನ ಸ್ಥಿತಿ ಹೇಳಿಬಿಡುತ್ತೇನೆ, ಒಂದು ಮಾತನ್ನೂ ಮುಚ್ಚಿಡದೆ. ನಮ್ಮ ಗುಂಡಿ ಈಗ ನಿದ್ದೆಯಲ್ಲಿದ್ದಾಳೆ. ನಿದ್ದೆಯೋ ಜ್ವರದ ಮಂಪರೋ ನನಗೆ ಗೊತ್ತಾಗುತ್ತಿಲ್ಲ. ಬಲಗೆನ್ನೆ ಊದಿ, ಹೊಳೆಯುವಷ್ಟು ಬಿಗಿದುಕೊಂಡಿದೆ. ಬಲಗಣ್ಣು ಪೂರ್ತಿ ಮುಚ್ಚಿದೆ. ಎಡಗೈಗೆ ಸೂಜಿ ಚುಚ್ಚಿ, ಅಲ್ಲಾಡಿಸದಂತೆ ಸಣ್ಣ ಹಲಗೆಗೆ ಕಟ್ಟಿದ್ದಾರೆ. ಊತ ಎಲ್ಲಿಯವರೆಗೆ ಇದೆ ಎಂದು ತಿಳಿಯಲು ನರ್ಸಮ್ಮ ಅವಳ ಕೆನ್ನೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ, ನಾನು ಬಟ್ಟೆ ಕತ್ತರಿಸುವ ಮುಂಚೆ ಸೀಮೆಸುಣ್ಣದಲ್ಲಿ ಗುರುತು ಹಾಕುವ ಹಾಗೆ. ಬೆಳಿಗ್ಗೆ ಐದಕ್ಕೆ ಎಳೆದ ಗೆರೆಯನ್ನು ಏಳಕ್ಕೆ ಊತ ದಾಟಿತ್ತು. ದವಡೆಯ ಕೆಳಗೆ ಇನ್ನೊಂದು ಗೆರೆ ಎಳೆದರು. ಅದನ್ನೂ ದಾಟಿ ಕತ್ತಿಗೆ ಇಳಿದರೆ ಉಸಿರಾಟಕ್ಕೆ ತೊಂದರೆಯಾಗುತ್ತದೆ, ಆಗ ಕತ್ತಿನ ಹತ್ತಿರ ಕೊಯ್ದು ಕೀವು ತೆಗೆಯಬೇಕಾಗುತ್ತದೆ ಎಂದಿದ್ದಾರೆ. ನಾನು ಆ ಗೆರೆಯನ್ನು ನೋಡುತ್ತ ಕೂತಿದ್ದೇನೆ. ಎರಡು ಸಾಲು ಬರೆಯುತ್ತೇನೆ, ತಲೆ ಎತ್ತಿ ಗೆರೆ ನೋಡುತ್ತೇನೆ. ಇಷ್ಟು ಬರೆಯುವಷ್ಟರಲ್ಲಿ ದಾಟಿಲ್ಲ.

ಎಲ್ಲಿಂದ ಶುರು ಮಾಡಲಿ? ನೀನು ಹೊರಟ ದಿನದಿಂದಲೇ ಶುರು ಮಾಡುತ್ತೇನೆ. ನಿನಗೆ ಪರದೇಶದ ಆ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು, ಎರಡೂವರೆ ವರ್ಷದ ಕೂಸನ್ನು ನನ್ನ ಮಡಿಲಿಗೆ ಹಾಕಿ ಹೊರಟೆ. ಬಾಗಿಲಲ್ಲಿ ನಿಂತು ಮೂರು ಮಾತು ಹೇಳಿದೆ: ಬಾಟಲಿ ಬಿಡಿಸಿ ಆರು ತಿಂಗಳಾಯಿತು, ಮತ್ತೆ ಕೊಡಬೇಡಿ, ಮಲಗುವ ಮುಂಚೆ ಹಲ್ಲು ಉಜ್ಜಿಸಿ, ಅವಳು ಅತ್ತರೆ ಎತ್ತಿಕೊಳ್ಳಿ. ನಾನು ಒಳಗೊಳಗೇ ನಕ್ಕಿದ್ದೆ. ನಾನು ಹೆತ್ತು ಬೆಳೆಸಿದವಳು, ನಿನ್ನೆ ಮೊನ್ನೆ ತಾಯಿಯಾದ ಇವಳು ನನಗೆ ಪಾಠ ಹೇಳುತ್ತಾಳಲ್ಲ ಎಂದು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಮಾತಿನಲ್ಲಿ ನನ್ನ ಕಾಲ ಇನ್ನೂ ಮುಗಿದಿಲ್ಲ ಅಂದುಕೊಂಡಿದ್ದೆ.

ನೀನು ಹೋದ ಮೇಲೆ ಅವಳು ಹಗಲೆಲ್ಲ ಚೆನ್ನಾಗಿಯೇ ಇರುತ್ತಿದ್ದಳು. ನನ್ನ ಮಿಷನ್ನಿನ ಪಕ್ಕ ಕೂತು ಅಂಗಿಯ ಗುಂಡಿಗಳನ್ನು ಬಣ್ಣ ನೋಡಿ ಜೋಡಿಸುತ್ತಿದ್ದಳು. ಅವಳಿಗೆ ಗುಂಡಿ ಎಂದು ಹೆಸರು ಬಿದ್ದದ್ದೂ ಹಾಗೇ ಅಲ್ಲವೆ. ಹೆಣ್ಣುಮಗುವನ್ನು ಯಾರಾದರೂ ಗುಂಡಿ ಅಂತಾರಾ ಎಂದು ನಿನ್ನ ಗಂಡ ಎಷ್ಟು ಬೈದರೂ ಅದೇ ನಿಂತಿತು. ಆದರೆ ದೀಪ ಹಚ್ಚಿದ ಕೂಡಲೇ ಬಾಗಿಲ ಹತ್ತಿರ ಹೋಗಿ ನಿನ್ನ ಹಳೆಯ ಚಪ್ಪಲಿಗಳ ಮೇಲೆ ಕೂತುಬಿಡುತ್ತಿದ್ದಳು. ಅಮ್ಮ ಬರ್ತಾಳೆ, ಅಮ್ಮ ಬರ್ತಾಳೆ ಎಂದು ಅಳು. ಎತ್ತಿಕೊಂಡರೆ ಒದೆಯುತ್ತಿದ್ದಳು. ಹತ್ತು ದಿನ ತಡೆದೆ. ನಿನ್ನ ಗಂಡ ಲಾರಿ ಹತ್ತಿದರೆ ಐದು ದಿನ ಬರುವುದಿಲ್ಲ, ಮನೆಯಲ್ಲಿ ನಾನು ಒಬ್ಬಳೇ. ಹನ್ನೊಂದನೇ ದಿನ ಮೂಲೆ ಅಂಗಡಿಯಿಂದ ಹೊಸ ಬಾಟಲಿ ತಂದೆ. ಹಾಲಿಗೆ ಎರಡು ಚಮಚ ಸಕ್ಕರೆ. ಬಾಯಿಗಿಟ್ಟ ಐದು ನಿಮಿಷಕ್ಕೆ ಅಳು ನಿಂತಿತು, ಬಾಟಲಿ ಕಚ್ಚಿಕೊಂಡೇ ನಿದ್ದೆ ಹೋದಳು. ನಾನೂ ಅವತ್ತು ಕಣ್ಣು ತುಂಬ ಮಲಗಿದೆ. ನೋಡು, ಇಷ್ಟು ಸುಲಭದ ಕೆಲಸಕ್ಕೆ ಎಷ್ಟು ರಾದ್ಧಾಂತ ಅನ್ನಿಸಿತು.

ಅಲ್ಲಿಂದ ಎರಡು ವರ್ಷ ಒಂದು ರಾತ್ರಿಯೂ ತಪ್ಪಲಿಲ್ಲ. ಮಧ್ಯದಲ್ಲಿ ಎಚ್ಚರವಾದರೆ ಮತ್ತೊಂದು. ಚಳಿಗಾಲದಲ್ಲಿ ಕೆಮ್ಮಿಗೆ ಸಿಹಿ ಸಿರಪ್ಪು, ಅದೂ ಮಲಗಿಸುವ ಮುಂಚೆಯೇ, ಬಾಯಿ ತೊಳೆಸದೆ. ಹಗಲು ಕೆಲಸದ ನಡುವೆ ಬಂದು ನನ್ನ ತೋಳು ಎಳೆದರೆ ಬಾಯಿಗೊಂದು ಪೆಪ್ಪರಮಿಂಟು. ಶಾಲೆಯ ಸಮವಸ್ತ್ರಗಳ ಕಾಲ ಬಂದಾಗ ದಿನಕ್ಕೆ ಏಳೆಂಟು ಆಗಿರಬಹುದು, ನಾನು ಲೆಕ್ಕ ಇಡಲಿಲ್ಲ. ಇನ್ನು ಉಜ್ಜಿಸುವ ಮಾತು. ನೀನು ಕಳಿಸಿದ ಕರಡಿ ಚಿತ್ರದ ಬ್ರಷ್ಷನ್ನು ಬಾಯಿಗೆ ಹಾಕಿದರೆ ಅವಳು ಹಲ್ಲು ಕಚ್ಚಿ ಬಿಗಿ ಹಿಡಿಯುತ್ತಿದ್ದಳು, ಒಂದು ದಿನ ನನ್ನ ಬೆರಳನ್ನೇ ಕಚ್ಚಿದಳು. ಒಂದು ವಾರ ಪ್ರಯತ್ನಿಸಿ ಕೈಬಿಟ್ಟೆ. ನೀನು ಪ್ರತಿ ಭಾನುವಾರ ಕೇಳುತ್ತಿದ್ದೆ, ಉಜ್ಜಿಸಿದಿರಾ ಅತ್ತೆ ಎಂದು. ಉಜ್ಜಿಸದೆ ಬಿಡ್ತೀನಾ ಅನ್ನುತ್ತಿದ್ದೆ. ಒಂದು ಸಲ ನೀನು ಬ್ರಷ್ಷು ತೋರಿಸು ಕಂದ ಎಂದು ಅವಳನ್ನೇ ಕೇಳಿದೆ, ನೆನಪಿದೆಯೆ? ಫೋನು ಅವಳ ಕೈಗೆ ಕೊಟ್ಟು ಬಚ್ಚಲಿಗೆ ಓಡಿ, ಧೂಳು ಹಿಡಿದಿದ್ದ ಬ್ರಷ್ಷನ್ನು ನಲ್ಲಿ ಕೆಳಗೆ ಒದ್ದೆ ಮಾಡಿ ತಂದು ತೋರಿಸಿದೆ. ನೀನು ನಕ್ಕು, ಅತ್ತೆ ಇದ್ದರೆ ನನಗೆ ಯೋಚನೆಯೇ ಇಲ್ಲ ಅಂದೆ. ಆ ಮಾತು ಈಗ ಈ ವಾರ್ಡಿನಲ್ಲಿ ಕೂತಾಗ ಕಿವಿಯಲ್ಲಿ ಕಾದ ಸೀಸ ಸುರಿದ ಹಾಗಾಗುತ್ತದೆ.

(ಗೆರೆ ನೋಡಿದೆ. ದಾಟಿಲ್ಲ. ಆದರೆ ಮೈ ಸುಡುತ್ತಿದೆ. ನರ್ಸಮ್ಮನನ್ನು ಕರೆದು ಬಂದೆ.)

ಮೂರು ವರ್ಷ ತುಂಬಿದಾಗ ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ, ಒಸಡಿನ ಅಂಚಿಗೆ, ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಕಾಣಿಸಿತು. ಹಾಲು ಹೆಪ್ಪುಗಟ್ಟಿದೆ ಎಂದು ಉಗುರಿನಲ್ಲಿ ಕೆರೆದೆ, ಹೋಗಲಿಲ್ಲ. ಕೆಲವು ತಿಂಗಳಿಗೆ ಅದು ಕಂದುಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪು. ಹಲ್ಲು ಅಂಚಿನಿಂದ ಉದುರುತ್ತ ಬಂದು ಮೊಂಡಾಯಿತು. ಶಿಶುವಿಹಾರದಲ್ಲಿ ಹಲ್ಲು ಪರೀಕ್ಷೆ ಮಾಡಿ, ಬೇಗ ಹಲ್ಲಿನ ಡಾಕ್ಟರಿಗೆ ತೋರಿಸಿ ಎಂದು ಟೀಚರು ಚೀಟಿ ಕೊಟ್ಟು ಕಳಿಸಿದರು. "ಹಾಲುಹಲ್ಲು ತಾನೇ, ಇವತ್ತಲ್ಲ ನಾಳೆ ಬೀಳೋದೇ" ಎಂದು ಅವರಿಗೇ ಹೇಳಿ ಬಂದೆ. ಮಿಷನ್ನಿನ ಒಂದು ಕಾಲು ಕುಂಟುತ್ತಿತ್ತು, ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಕೆಳಗೆ ಇಟ್ಟೆ. ನಿನಗೆ ಕಳಿಸುವ ಫೋಟೋ ತೆಗೆಯುವಾಗ ಮಾತ್ರ ಬಾಯಿ ಮುಚ್ಚಿ ನಗು ಗುಂಡಿ ಅನ್ನುತ್ತಿದ್ದೆ. ಅವಳು ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಆಮೇಲೆ ಹೇಳದೆಯೇ ನಗುವಾಗ ಕೈ ಅಡ್ಡ ಇಟ್ಟುಕೊಳ್ಳತೊಡಗಿದಳು. ಎಷ್ಟು ಗಂಭೀರವಾಗಿಬಿಟ್ಟಿದ್ದಾಳೆ ನನ್ನ ಮಗಳು ಎಂದು ನೀನು ಬರೆದಿದ್ದೆ.

ಹೋದ ತಿಂಗಳು ಒಸಡಿನ ಮೇಲೆ ಮೊಡವೆಯ ಹಾಗೆ ಒಂದು ಗುಳ್ಳೆ ಎದ್ದಿತು. ಒತ್ತಿದರೆ ಕೀವು. ಎರಡು ದಿನಕ್ಕೆ ತಾನೇ ಒಡೆದು ಇಳಿಯಿತು, ನಾನು ವಾಸಿಯಾಯಿತು ಅಂದುಕೊಂಡೆ. ಅವಳು ಒಂದೇ ಕಡೆ ಅಗಿಯಲು ಶುರು ಮಾಡಿದಳು. ಆಮೇಲೆ ಅಗಿಯುವುದನ್ನೇ ಬಿಟ್ಟು, ಎಲ್ಲವನ್ನೂ ನೀರಲ್ಲಿ ನೆನೆಸಿ ನುಂಗುತ್ತಿದ್ದಳು. ಲವಂಗದ ಎಣ್ಣೆ ಹಚ್ಚಿದೆ. ಶುಕ್ರವಾರ ಸಂಜೆ ಕೆನ್ನೆ ಊದಿತು, ಬಿಸಿ ಬಟ್ಟೆ ಒತ್ತಿದೆ. ಹಾಗೆ ಒತ್ತಬಾರದಿತ್ತಂತೆ. ಶನಿವಾರ ಬೆಳಿಗ್ಗೆ ಎದ್ದಾಗ ಒಂದು ಕಣ್ಣು ಮುಚ್ಚಿಹೋಗಿತ್ತು. ಅವಳು ಕೈಯಿಂದ ಕಣ್ಣು ಮುಟ್ಟಿ ನೋಡಿಕೊಂಡು, "ಅಜ್ಜಿ, ಈ ಕಡೆ ಇನ್ನೂ ಬೆಳಗಾಗಿಲ್ಲ" ಅಂದಳು. ಅವಳನ್ನು ಹೊದಿಕೆಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಬಾಡಿಗೆ ಗಾಡಿ ಸಿಗುವವರೆಗೆ ಮುಖ್ಯರಸ್ತೆಯಲ್ಲಿ ಓಡಿದೆ. ಒಂದು ಕಾಲಿನ ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ.

ಇಲ್ಲಿ ಮಕ್ಕಳ ಡಾಕ್ಟರು ನೋಡಿದ ಕೂಡಲೇ ಹಲ್ಲಿನ ಡಾಕ್ಟರಮ್ಮನನ್ನು ಕರೆಸಿದರು. ಗಿಡ್ಡ ಮೈಕಟ್ಟು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿರುತ್ತಾರೆ. ಮಗುವಿನ ತುಟಿ ಎತ್ತಿ ಬಹಳ ಹೊತ್ತು ನೋಡಿದರು. ನನ್ನ ಕಡೆ ತಿರುಗಿ, ರಾತ್ರಿ ಬಾಟಲಿ ಕೊಡ್ತೀರಾ ಅಂತ ಕೇಳಿದರು. ಇಲ್ಲ ಅಂದೆ. ನೋಡು ತಾಯಿ, ಮಗು ಕಣ್ಣೆದುರಿಗೆ ಆ ಸ್ಥಿತಿಯಲ್ಲಿ ಬಿದ್ದಿದೆ, ಆಗಲೂ ನನ್ನ ಬಾಯಿಗೆ ಬಂದದ್ದು ಸುಳ್ಳೇ. ಆಗ ಇವಳು, ಬಾಯಿ ತೆರೆಯಲೂ ಆಗದ ಇವಳು, ತುಟಿಯ ಸಂದಿಯಿಂದ ಹೇಳಿದಳು: "ಕೊಡ್ತಾಳೆ. ನಮ್ಮಜ್ಜಿ ಸಕ್ಕರೆ ಹಾಕಿ ಕೊಡ್ತಾಳೆ." ದೂರು ಹೇಳಿದ್ದಲ್ಲ. ನನ್ನನ್ನು ಹೊಗಳಿದ್ದು. ನಮ್ಮಜ್ಜಿ ಎಷ್ಟು ಒಳ್ಳೆಯವಳು ಎಂದು ಡಾಕ್ಟರಿಗೆ ತಿಳಿಯಲಿ ಎಂದು ಹೇಳಿದ್ದು. ನನಗೆ ನೆಲ ಬಿರಿದು ಒಳಗೆ ಹೋಗಬಾರದೆ ಅನ್ನಿಸಿತು.

ಡಾಕ್ಟರಮ್ಮ ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ, ಸ್ಟೂಲು ಎಳೆದು ಕೂತು ಬಿಡಿಸಿ ಹೇಳಿದರು. ನಿದ್ದೆಯಲ್ಲಿ ಬಾಯಲ್ಲಿ ಜೊಲ್ಲು ಕಡಿಮೆ, ತೊಳೆಯುವವರಿಲ್ಲದ ಪಾತ್ರೆಯ ಹಾಗೆ ಸಿಹಿ ಅಲ್ಲೇ ನಿಲ್ಲುತ್ತದೆ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ತಿಂದು ಹುಳಿ ಬಿಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಮೊದಲು ಕಾಣುವುದು ಆ ಬಿಳಿ ಗೆರೆಯೇ ಅಂತೆ. ಆಗಲೇ ಕರೆತಂದಿದ್ದರೆ ಔಷಧ ಬಳಿದು ಹೆಚ್ಚುಕಡಿಮೆ ಅಲ್ಲೇ ತಡೆಯಬಹುದಿತ್ತು, ಸೂಜಿ ಬೇಡ, ಕೊರೆಯುವುದು ಬೇಡ. ಉಗುರಿನಲ್ಲಿ ಕೆರೆದೆನಲ್ಲ, ಅದೇ ಗೆರೆ. ಉಣ್ಣೆ ಬಟ್ಟೆಗೆ ಹುಳು ಹೊಡೆದರೆ ಮೇಲೆ ಸೂಜಿಮೊನೆಯಷ್ಟು ತೂತು, ಒಳಗೆ ಮಡಿಕೆ ಮಡಿಕೆಯೇ ಪುಡಿ. ನಲವತ್ತು ವರ್ಷ ಬಟ್ಟೆಯಲ್ಲಿ ಅದನ್ನು ಹುಡುಕಿ ಹಿಡಿದ ಕಣ್ಣಿಗೆ ಮೊಮ್ಮಗಳ ಬಾಯಲ್ಲಿ ಅದು ಕಾಣಲಿಲ್ಲ. ಆಮೇಲೆ ಡಾಕ್ಟರಮ್ಮ, ಅಜ್ಜಿ ನಿಮ್ಮ ಬಾಯಿ ತೋರಿಸಿ ಅಂದರು. ನನಗ್ಯಾಕೆ ಅಂದೆ. ಬಿಡಲಿಲ್ಲ. ದಾರ ಕಚ್ಚಿ ಕಚ್ಚಿ ಸವೆದ ಮುಂದಿನ ಹಲ್ಲು, ಮುಟ್ಟಿದರೆ ರಕ್ತ ಬರುವ ಒಸಡು, ಎಲ್ಲ ನೋಡಿದರು. ಮಗುವಿಗೆ ತಿನ್ನಿಸುವಾಗ ಬಿಸಿ ಇದೆಯೇ ಎಂದು ಅದೇ ಚಮಚ ನಿಮ್ಮ ಬಾಯಿಗಿಟ್ಟು ನೋಡ್ತೀರಲ್ಲವಾ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನನ್ನ ಕೈ ತಾನಾಗಿ ಬಾಯಿಗೆ ಹೋಯಿತು. ದೊಡ್ಡವರ ಬಾಯಿಯ ಸೂಕ್ಷ್ಮಜೀವಿಗಳು ಹಾಗೇ ಮಗುವಿನ ಬಾಯಿಗೆ ಹೋಗಿ ಬೀಡು ಬಿಡುತ್ತವಂತೆ. ಅವಳಿಗೆ ನಾನು ಕೊಟ್ಟ ಆಸ್ತಿ ಅದು.

ನಿನ್ನ ಗಂಡ ಭಾನುವಾರ ಮಧ್ಯಾಹ್ನ ಲಾರಿಯನ್ನು ದಾರಿಯಲ್ಲೇ ಇನ್ನೊಬ್ಬನಿಗೆ ವಹಿಸಿ ಬಂದ. ಮಗಳನ್ನು ನೋಡಿದವನು ಕೂಗಾಡುತ್ತಾನೆಂದು ಕಾದೆ. ಅವನು ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತ. ನಾನು ಬಾಟಲಿಯ ವಿಷಯ ಹೇಳಿದೆ. "ಅಮ್ಮಾ, ನನಗೂ ಹಿಂಗೇ ಕೊಡ್ತಿದ್ಯಾ?" ಅಂದ. ನಿನಗೆ ಗೊತ್ತಲ್ಲ, ಮೂವತ್ತನಾಲ್ಕಕ್ಕೇ ಅವನ ಆರು ದವಡೆ ಹಲ್ಲು ಹೋಗಿವೆ. ನಮ್ಮ ವಂಶದ ಹಲ್ಲೇ ಹಾಗೆ, ನಿಮ್ಮಪ್ಪನದೂ ಹಾಗೇ ಇತ್ತು ಎಂದು ನಾನು ಅವನಿಗೆ ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದೆ. ನಾನೂ ಅದನ್ನೇ ನಂಬಿದ್ದೆ. ಅವನ ಪ್ರಶ್ನೆಗೆ ಉತ್ತರವನ್ನು ಅವನೇ ನನ್ನ ಮುಖ ನೋಡಿ ತಿಳಿದುಕೊಂಡ.

ಈಗ ಹನ್ನೊಂದು ಗಂಟೆ. ಡಾಕ್ಟರಮ್ಮ ಬಂದು ಕತ್ತು ಮುಟ್ಟಿ ನೋಡಿ, ಸಂಜೆಯವರೆಗೆ ನೋಡೋಣ, ಇಳಿಯದಿದ್ದರೆ ಕಾಯುವುದು ಬೇಡ ಎಂದು ಮಗನಿಂದ ಸಹಿ ಹಾಕಿಸಿಕೊಂಡು ಹೋದರು. ಇನ್ನು ಬರೆಯಲು ಆಗುತ್ತಿಲ್ಲ. ನನ್ನ ಉಳಿದ ಆಯುಷ್ಯವನ್ನೆಲ್ಲ ಇವಳಿಗೆ ಕೊಡು ಎಂದು ಬೇಡಿಕೊಳ್ಳುತ್ತಿದ್ದೇನೆ. ಅದು ಬಳಸಿ ಉಳಿದ ತುಂಡುಬಟ್ಟೆಯಷ್ಟೇ ಇದೆ ಎಂದೂ ಗೊತ್ತು.

ಬುಧವಾರ, ಮಧ್ಯಾಹ್ನ

ಬದುಕಿದಳು ತಾಯಿ. ಫೋನಿನಲ್ಲಿ ನಿನಗೆ ತಿಳಿದಿದೆ, ಆದರೂ ನನ್ನ ಕೈಯಿಂದ ಬರೆಯಬೇಕು. ಸೋಮವಾರ ಸಂಜೆ ಐದರ ಹೊತ್ತಿಗೆ ಊತ ದವಡೆಯ ಗೆರೆಯ ಹತ್ತಿರ ಬಂದು ನಿಂತಿತು. ಏಳಕ್ಕೆ ಗೆರೆಗೂ ಊತಕ್ಕೂ ನಡುವೆ ನನ್ನ ಕಿರುಬೆರಳ ಅಗಲ ಜಾಗ ಬಿಟ್ಟಿತ್ತು. ನಾನು ನಂಬದೆ ಕನ್ನಡಕ ಒರೆಸಿ ಮತ್ತೆ ನೋಡಿದೆ. ಮರುದಿನ ಬೆಳಿಗ್ಗೆ ಜ್ವರ ಇಳಿದ ಮೇಲೆ ಕರೆದುಕೊಂಡು ಹೋದರು. ಪ್ರಜ್ಞೆ ತಪ್ಪಿಸಿ ಇಪ್ಪತ್ತರಲ್ಲಿ ಎಂಟು ಹಲ್ಲು ತೆಗೆದರು. ಮೇಲಿನ ಮುಂದಿನವು ನಾಲ್ಕೂ ಹೋದವು, ದವಡೆಯಲ್ಲಿ ನಾಲ್ಕು. ಇನ್ನೆರಡಕ್ಕೆ ಸ್ಟೀಲಿನ ಟೋಪಿ ಹಾಕಿದ್ದಾರೆ. ಹಾಲುಹಲ್ಲು ಬೀಳುವುದು ನಿಜ, ಆದರೆ ದವಡೆಯವು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕಾದವಂತೆ. ಬಸ್ಸಿನಲ್ಲಿ ಒಬ್ಬರು ಎದ್ದರೆ ಪಕ್ಕದವರು ಸರಿದು ಜಾಗ ಹಿಡಿಯುವ ಹಾಗೆ ಉಳಿದ ಹಲ್ಲು ಸರಿದುಬಿಡುತ್ತವೆ, ಆಮೇಲೆ ಒಳಗಿಂದ ಬರುವ ಶಾಶ್ವತ ಹಲ್ಲಿಗೆ ಕೂರಲು ಸ್ಥಳವಿಲ್ಲ. ಅದಕ್ಕೆ ಗಾಯ ಮಾಗಿದ ಮೇಲೆ ತಂತಿ ಹಾಕುತ್ತಾರೆ.

ಎಚ್ಚರವಾದಾಗ ಅವಳ ನಾಲಿಗೆ ಬಾಯೊಳಗೆ ಓಡಾಡಿ ಹುಡುಕುತ್ತಿತ್ತು. ಅದನ್ನು ಹೊರಗಿನಿಂದ ನೋಡುವುದಿದೆಯಲ್ಲ, ಅದಕ್ಕಿಂತ ಕೆಟ್ಟದ್ದನ್ನು ನಾನು ನೋಡಿಲ್ಲ. ನಿನ್ನೆ ಮಧ್ಯಾಹ್ನ ನಿದ್ದೆಯ ಹೊತ್ತಿಗೆ ಬಾಟಲಿ ಕೇಳಿದಳು. ಇಲ್ಲ ಗುಂಡಿ, ಇನ್ನು ಮೇಲೆ ಇಲ್ಲ, ನೀರು ಕುಡಿ ಅಂದೆ. ಅಳು ಶುರುವಾಯಿತು. ಮೊದಲು ಹಾಲಿಗೆ ಅತ್ತಳು, ಆಮೇಲೆ ನೋವಿಗೆ ಅತ್ತಳು. ನಾನು ಏನೂ ಕೊಡದೆ ಎತ್ತಿಕೊಂಡು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆ. ಅರ್ಧ ಗಂಟೆಯಾದ ಮೇಲೆ ಅಳುವಿನ ದನಿಯೇ ಬದಲಾಯಿತು. "ಅಮ್ಮ ಬೇಕು" ಅಂದಳು. ಎರಡು ವರ್ಷದಿಂದ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಅಮ್ಮನನ್ನು ಮರೆತು ನನಗೆ ಹೊಂದಿಕೊಂಡಳೆಂದು ನಾನು ಬೀಗುತ್ತಿದ್ದೆ. ಮರೆತಿರಲಿಲ್ಲ ತಾಯಿ. ಅವಳಿಗೆ ಬೇಕಾದದ್ದು ಹಾಲೂ ಅಲ್ಲ ಸಕ್ಕರೆಯೂ ಅಲ್ಲ. ಆ ಅಳು ಬಾಯಿಗೆ ಬರುವ ಮೊದಲೇ ನಾನು ಬಾಟಲಿ ತುರುಕುತ್ತಿದ್ದೆ, ಅಷ್ಟೇ. ನನಗೂ ಬೇಕು ಕಣೇ ನಿಮ್ಮಮ್ಮ ಅಂದೆ. ಇಬ್ಬರೂ ಕಿಟಕಿಯ ಕಟ್ಟೆಯ ಮೇಲೆ ಕೂತು ಅತ್ತೆವು. ಪಕ್ಕದ ಮಂಚದವರು ನೀರು ತಂದುಕೊಟ್ಟರು. ಅತ್ತು ಅತ್ತು ನನ್ನ ಹೆಗಲ ಮೇಲೇ ನಿದ್ದೆ ಹೋದಳು, ಬಾಯಲ್ಲಿ ಏನೂ ಇಲ್ಲದೆ.

ಇವತ್ತು ಬೆಳಿಗ್ಗೆ ಡಾಕ್ಟರಮ್ಮ ನನಗೆ ಉಜ್ಜುವುದನ್ನು ಕಲಿಸಿದರು. ಅರವತ್ತೊಂದು ವರ್ಷಕ್ಕೆ ನನಗೆ ಅಕ್ಷರಾಭ್ಯಾಸ. ಮಗುವಿನ ಎದುರು ನಿಂತು ಗುದ್ದಾಡಬಾರದಂತೆ. ಹಿಂದೆ ಕೂತು, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆಳಕಿನ ಕಡೆ ತಿರುಗಿಸಿಕೊಳ್ಳಬೇಕು. ಸೂಜಿಗೆ ದಾರ ಪೋಣಿಸಲು ಕೂರುವ ಹಾಗೆಯೇ, ಅದು ನನಗೆ ಕೂಡಲೇ ಬಂತು. ಅವಳ ವಯಸ್ಸಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು, ಫ್ಲೋರೈಡ್ ಇರುವುದೇ ಆಗಬೇಕು, ಉಗುಳಿದ ಮೇಲೆ ನೀರು ಹಾಕಿ ಮುಕ್ಕಳಿಸಬಾರದು. ಒಸಡಿನ ಅಂಚಿನಲ್ಲಿ ಮೆಲ್ಲಗೆ ಸುತ್ತಿಸಬೇಕು. ಗಾಯದ ಹತ್ತಿರ ಹೋಗದೆ, ಚೆನ್ನಾಗಿರುವ ಹಲ್ಲನ್ನಷ್ಟೇ ಉಜ್ಜಿದೆ. ಅಲ್ಲೂ ಒಸಡಿನಲ್ಲಿ ರಕ್ತ ಬಂತು, ನಾನು ಕೈ ಹಿಂದೆಗೆದೆ. ರಕ್ತ ಬರುವುದು ಉಜ್ಜಿದ್ದಕ್ಕಲ್ಲ, ಇಷ್ಟು ದಿನ ಉಜ್ಜದಿದ್ದಕ್ಕೆ, ನಿಲ್ಲಿಸಬೇಡಿ ಅಂದರು. ಏಳೆಂಟು ವರ್ಷದವರೆಗೆ ಬ್ರಷ್ಷು ದೊಡ್ಡವರ ಕೈಯಲ್ಲೇ ಇರಬೇಕು, ತನ್ನ ಅಂಗಿಯ ಗುಂಡಿ ತಾನೇ ಸರಿಯಾಗಿ ಹಾಕಿಕೊಳ್ಳಲಾರದ ಮಗು ಹಲ್ಲು ಹೇಗೆ ಉಜ್ಜಿಕೊಂಡೀತು ಎಂದರು. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಇನ್ನೇನೂ ಬಾಯಿಗೆ ಹೋಗಬಾರದು. ಸಿಹಿ ತಿನ್ನುವುದಿದ್ದರೆ ಊಟದ ಜೊತೆಗೇ ತಿಂದು ಮುಗಿಸಬೇಕು, ದಿನವಿಡೀ ಚಪ್ಪರಿಸುತ್ತಿರಬಾರದು. ತಿಂಗಳಿಗೊಮ್ಮೆ ತುಟಿ ಎತ್ತಿ ನೋಡಬೇಕು. ಆರು ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ ಹೊಸ ದವಡೆ ಹಲ್ಲು ಬರುತ್ತದೆ, ಯಾವುದೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದು ಉದಾಸೀನ ಮಾಡುತ್ತಾರೆ, ಅದು ಸಾಯುವವರೆಗೆ ಇರಬೇಕಾದದ್ದು ಎಂದು ಎರಡು ಸಲ ಹೇಳಿದರು. ನನ್ನ ಒಸಡಿಗೂ ಶುಕ್ರವಾರ ಬರಬೇಕಂತೆ. ಹೋಗುತ್ತೇನೆ. ನಿನ್ನ ಗಂಡನೂ ಚೀಟಿ ಮಾಡಿಸಿದ್ದಾನೆ.

ನೀನು ಅಲ್ಲಿ ಯಾರಯಾರದೋ ತಾಯಿ ತಂದೆಯ ಬಾಯಿಯನ್ನು ದಿನಕ್ಕೆರಡು ಸಲ ತೊಳೆದು, ತೊಳೆದೆ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕುತ್ತೀಯ. ಅದಕ್ಕೆ ನಾನು ನಕ್ಕಿದ್ದೆ, ಮುದುಕರ ಬಾಯಿಗೂ ಒಂದು ರಿಜಿಸ್ಟರಾ ಎಂದು. ನಿನ್ನ ಮಗಳ ಒಂದು ಬಾಯಿಯನ್ನು ನೋಡಿಕೊಳ್ಳಲು ನನ್ನಿಂದ ಆಗಲಿಲ್ಲ. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ. ಬೈದು ಬರೆ, ಓದುತ್ತೇನೆ. ಬರೆಯದಿದ್ದರೂ ನ್ಯಾಯವೇ.

ನಿನ್ನ ಜೊತೆಗಾರ್ತಿಗೆ, ನಿನ್ನ ಆ ದಪ್ಪ ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಆರೋಗ್ಯ ಗಟ್ಟಿಯಾಗಿರಲಿ, ಹಿಡಿದ ಕೆಲಸ ಕೈಗೂಡಲಿ, ನಿನ್ನ ಮಗಳು ನೂರು ವರ್ಷ ಬಾಯಿ ತುಂಬ ನಗಲಿ.

ಇತಿ,
ನಿನ್ನ ಅತ್ತೆ

ತಾ.ಕ.: ಟಪಾಲು ಹೊರಡಲು ಹೆಚ್ಚು ಹೊತ್ತಿಲ್ಲ, ಇದನ್ನು ಹೇಳದೆ ಲಕೋಟೆ ಅಂಟಿಸಿದರೆ ಮೇಲೆ ಬರೆದದ್ದೆಲ್ಲ ದಂಡ. ಗುಂಡಿಯನ್ನು ನಿನ್ನ ಹತ್ತಿರ ಕರೆಸಿಕೊಳ್ಳಲು ಅವರಪ್ಪನ ಸಹಿಗೆಂದು ನೀನು ನಾಲ್ಕು ತಿಂಗಳು ಓಡಾಡಿ ಮಾಡಿಸಿ ಕಳಿಸಿದ ಕಾಗದಪತ್ರ ಟಪಾಲಿನಲ್ಲಿ ಕಳೆದಿರಲಿಲ್ಲ. ಆ ದಿನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ತೆಗೆದುಕೊಂಡು ಹೊದಿಕೆ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಇವಳು ಹೋದರೆ ಆ ಮನೆಯಲ್ಲಿ ನನ್ನ ಮಿಷನ್ನಿನ ಸದ್ದು ಬಿಟ್ಟು ಬೇರೆ ಸದ್ದಿರುವುದಿಲ್ಲ ಎಂಬ ಭಯಕ್ಕೆ. ನಿನ್ನ ಗಂಡ ಅಂಚೆಯವನ ಜೊತೆ ಜಗಳವಾಡಿ ಬಂದಾಗಲೂ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಅವನನ್ನು ಮನೆಗೆ ಕಳಿಸಿ, ಎಲ್ಲಿದೆ ಎಂದು ಹೇಳಿ ತರಿಸಿದೆ. ನನ್ನ ಮುಖ ನೋಡದೆ ಮೂರು ಕಡೆ ಸಹಿ ಹಾಕಿದ್ದಾನೆ, ಇದರ ಜೊತೆಗೇ ಇಟ್ಟಿದ್ದೇನೆ, ಸರಿಯಿದೆಯೇ ನೋಡಿಕೊ. ತಿಂಗಳ ಕೊನೆಗೆ ಗಡುವು ಎಂದು ಅದರಲ್ಲೇ ಬರೆದಿದೆ, ತಡಮಾಡಬೇಡ. ಕರೆದುಕೊಂಡು ಹೋಗು. ಅಲ್ಲಿಗೆ ಬಂದ ಮೊದಮೊದಲು ರಾತ್ರಿ ಅಜ್ಜಿ ಬೇಕು ಎಂದು ಅಳುತ್ತಾಳೆ. ಹಲ್ಲು ಉಜ್ಜಿ ಪಕ್ಕದಲ್ಲಿ ಮಲಗಿಸಿಕೊ. ಎಷ್ಟು ಅತ್ತರೂ ಏನೂ ಕೊಡಬೇಡ, ಅಳಲಿ ಬಿಡು.